ಪಕ್ಕದ ಮನೆಯ ಪದ್ಮಿನಿ

ಬೋರ್ ಮಾಡಿಸಿ, ಹೊಸ ಪಿಸ್ಟನ್ನು ರಿಂಗು ಹಾಕಿಸಿ ತಂದ ಇಂಜಿನ್ ಮಿಸ್ಸಿಂಗ್ ಹೊಡೆಯಲು ಶುರು ಮಾಡಿದರೆ ಎಲ್ಲರ ಕೈಯೂ ಮೊದಲು ಹೋಗುವುದು ಕಾರ್ಬುರೇಟರ್ ಸ್ಕ್ರೂ ಮೇಲೆ. ಕೊನೆಗೆ ಮುಟ್ಟಬೇಕಾದ ಜಾಗ ಅದು. ಪಕ್ಕದ ಮನೆಯ ಹುಡುಗನಿಗೆ ಕಾಂಪೌಂಡ್ ಗೋಡೆಯ ಮೇಲಿಂದ ಇಷ್ಟು ಹೇಳಿದೆ. ಮಾತಿಗೆ ಮಾತು ಸೇರಿ ಒಂದು ಭಾನುವಾರ ಪೂರ್ತಿ ಅದರಲ್ಲೇ ಹೋಯಿತು. ಹಳೇ ಗಾಡಿ ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬರಲಿ ಅಂತ ಆ ಹರಟೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹುಡುಗ ಅಂದರೆ ಮೂವತ್ತೈದು ದಾಟಿದವನೇ, ಸಾಫ್ಟ್‌ವೇರ್ ಕೆಲಸ. ಅವರಪ್ಪ ಎಲ್‌ಐಸಿಯಲ್ಲಿದ್ದವರು. ನಮ್ಮ ಬೆಂಗಳೂರಿನ ಜೀವನ್ ಬಿಮಾ ನಗರದ ಹಳೇ ಮನೆಗಳ ಮುಂದೆ ಒಂದು ಕಾಲಕ್ಕೆ ಎದ್ದು ಕಾಣುತ್ತಿದ್ದ ಗಾಡಿ ಅಂದರೆ ಫಿಯೆಟ್ಟು. ಇವರ ಮನೆಯದು ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಹುಟ್ಟಿ, 70ರ ದಶಕದಲ್ಲಿ ಪದ್ಮಿನಿ ಅನ್ನೋ ಹೆಸರು ಪಡೆದ ಗಾಡಿ. 1089 ಸಿಸಿ, ನಾಲ್ಕು ಸಿಲಿಂಡರ್, ಒಂದು ಸೋಲೆಕ್ಸ್ ಕಾರ್ಬುರೇಟರ್. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತೆ, ಎಲ್ಲದಕ್ಕೂ ಕೈ ಎಟುಕುತ್ತೆ. ಅಪ್ಪ ತೀರಿಕೊಂಡ ಮೇಲೆ ಟಾರ್ಪಾಲಿನ್ ಹೊದ್ದು ನಿಂತಿದ್ದ ಗಾಡಿಯನ್ನು ಗುಜರಿಗೆ ಹಾಕದೆ, ಸಾಲಸೋಲ ಇಲ್ಲದ ದುಡ್ಡಿನಲ್ಲಿ ಇಂಜಿನ್ ಕಟ್ಟಿಸಿದ ಹುಡುಗ ಇವನು. ಅವನ ಮೇಲೆ ನನಗೆ ಅಭಿಮಾನ ಇದೆ.

"ಅಂಕಲ್, ಸ್ಲೋದಲ್ಲಿ ನಿಲ್ತಾನೇ ಇಲ್ಲ. ಗಡಗಡ ಅಂತ ನಡುಗಿ ಆಫ್ ಆಗುತ್ತೆ. ಕಾರ್ಬುರೇಟರ್ ಹೋಗಿದೆ, ಹೊಸದು ಹಾಕ್ಬಿಡೋಣ ಅಂತಾರೆ ಗ್ಯಾರೇಜಿನವರು."

"ರೇಸ್ ಕೊಟ್ಟರೆ?"

"ರೇಸ್ ಕೊಟ್ಟರೆ ಹೆಚ್ಚುಕಮ್ಮಿ ಸರಿ ಇರುತ್ತೆ."

"ಇಂಜಿನ್ ಇಳಿಸೋಕೆ ಮುಂಚೆ ಇದೇ ಕಾರ್ಬುರೇಟರಲ್ಲಿ ಸ್ಲೋ ನಿಲ್ತಿತ್ತಾ?"

"ನಿಲ್ತಿತ್ತು. ಆಯಿಲ್ ಕುಡೀತಿತ್ತು, ಹೊಗೆ ಬರ್ತಿತ್ತು ಅಂತ ಇಳಿಸಿದ್ದು."

"ಹಾಗಾದ್ರೆ ನೋಡಪ್ಪಾ, ತೊಂದರೆ ಇರೋದು ಬಿಚ್ಚಿ ಕೂಡಿಸಿದ ಜಾಗದಲ್ಲಿ. ಅಲ್ಲಿಂದ ಹುಡುಕೋಣ."

ಹಳೇ ಗಾಡಿಗೂ ಹೊಸದಾಗಿ ಕಟ್ಟಿದ ಇಂಜಿನ್ನಿಗೂ ಇರುವ ವ್ಯತ್ಯಾಸ ಇಲ್ಲೇ. ಓಡಿ ಓಡಿ ಸವೆದ ಗಾಡಿಯಲ್ಲಿ ಸವೆದದ್ದನ್ನು ಹುಡುಕಬೇಕು. ಕಟ್ಟಿದ ಇಂಜಿನ್ನಲ್ಲಿ ಕೂಡಿಸುವಾಗ ತಪ್ಪಿದ್ದನ್ನು ಹುಡುಕಬೇಕು. ಹುಡುಕುವುದಕ್ಕೂ ಒಂದು ಸರದಿ ಇದೆ. ಮೊದಲು ಕಂಪ್ರೆಶನ್, ಆಮೇಲೆ ಟ್ಯಾಪೆಟ್, ಆಮೇಲೆ ಕರೆಂಟು ಮತ್ತು ಟೈಮಿಂಗು, ಆಮೇಲೆ ಎಲ್ಲಾದರೂ ಏರ್ ಎಳೆಯುತ್ತಿದೆಯಾ ಅಂತ. ಇಷ್ಟೂ ಸರಿ ಇದ್ದರೆ ಮಾತ್ರ ಕಾರ್ಬುರೇಟರ್. ಸರದಿ ತಪ್ಪಿಸಿ ಮೊದಲೇ ಸ್ಕ್ರೂ ತಿರುಗಿಸಿದರೆ ಒಂದು ದೋಷವನ್ನು ಇನ್ನೊಂದು ದೋಷದಿಂದ ಮುಚ್ಚಿದಂತಾಗಿ, ಆಮೇಲೆ ಯಾವುದು ಯಾವುದರಿಂದ ಅಂತ ಯಾರಿಗೂ ತಿಳಿಯುವುದಿಲ್ಲ.

ಗಾಡಿ ಸ್ಟಾರ್ಟ್ ಮಾಡಿಸಿದೆ. ಹಿಡಿಗೆ ರಬ್ಬರ್ ಇದ್ದ ಕಟಿಂಗ್ ಪ್ಲೈಯರ್ ಹಿಡಿದು ಒಂದೊಂದೇ ಪ್ಲಗ್ ವೈರನ್ನು ಕಳಚಿ, ಶಬ್ದ ಕೇಳಿ, ಮತ್ತೆ ಹಾಕುವುದು. ಒಂದನೇ ನಂಬರ್ ಕಳಚಿದಾಗ ಇಂಜಿನ್ ಕುಸಿಯಿತು. ಮೂರು, ನಾಲ್ಕರದ್ದೂ ಹಾಗೇ. ಎರಡನೇದು ಕಳಚಿದಾಗ ಶಬ್ದದಲ್ಲಿ ಏನೂ ವ್ಯತ್ಯಾಸ ಬರಲಿಲ್ಲ. ವೈರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಂದರೆ ಎರಡನೇ ಸಿಲಿಂಡರ್ ಸ್ಲೋದಲ್ಲಿ ಕೆಲಸವನ್ನೇ ಮಾಡುತ್ತಿಲ್ಲ. ಕಾರ್ಬುರೇಟರ್ ಒಂದೇ, ನಾಲ್ಕಕ್ಕೂ ಅದೇ ಪೆಟ್ರೋಲು ಕೊಡುತ್ತೆ. ಅದು ಕೆಟ್ಟಿದ್ದರೆ ಒಂದೇ ಸಿಲಿಂಡರ್ ಯಾಕೆ ಸಾಯುತ್ತೆ ಅಂತ ಕೇಳಿದೆ. ಹುಡುಗ ತಲೆ ತೂಗಿದ.

ಆಮೇಲೆ ಕಂಪ್ರೆಶನ್ ಗೇಜ್. ಇಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಕಾಯಿಲ್ ವೈರ್ ತೆಗೆದಿರಬೇಕು, ಬ್ಯಾಟರಿ ಫುಲ್ ಇರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಮುಳ್ಳು ಮೇಲೇರಿ ನಿಲ್ಲುವವರೆಗೆ ಸೆಲ್ಫ್ ಹೊಡೆಯಬೇಕು. ಒಂದು, ಮೂರು, ನಾಲ್ಕು ನಂಬರ್‌ಗಳಲ್ಲಿ 120 ಪೌಂಡಿನ ಆಸುಪಾಸು ಬಂತು. ಎರಡರಲ್ಲಿ 85ಕ್ಕೇ ನಿಂತಿತು. ಒಂದು ಚಮಚ ಇಂಜಿನ್ ಆಯಿಲನ್ನು ಎರಡನೇ ಪ್ಲಗ್ ತೂತಿನಲ್ಲಿ ಬಿಟ್ಟು ಮತ್ತೆ ನೋಡಿದೆವು. ರಿಂಗಿನಿಂದ ಸೋರುತ್ತಿದ್ದರೆ ಆಯಿಲ್ ಅಡ್ಡ ನಿಂತು ಅಂಕಿ ಏರಬೇಕು. ಏರಲಿಲ್ಲ. ಹಾಗಾದರೆ ಸೋರುವುದು ವಾಲ್ವಿನಲ್ಲಿ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕಡಿಮೆ ತೋರಿಸಿದ್ದರೆ ಮಧ್ಯೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅನ್ನಬಹುದಿತ್ತು. ನಾಲ್ಕೂ ಸಮನಾಗಿ ಕಡಿಮೆ ಇದ್ದಿದ್ದರೆ ಟೈಮಿಂಗ್ ಚೈನ್ ಒಂದು ಹಲ್ಲು ಆಚೀಚೆ ಕೂತಿದೆಯಾ ಅಂತ ನೋಡಬೇಕಿತ್ತು.

"ಅಂಕಲ್, ಪುಸ್ತಕದಲ್ಲಿ ಇದಕ್ಕಿಂತ ಜಾಸ್ತಿ ಬರಬೇಕು ಅಂತ ಇದೆ. 120 ಕಮ್ಮಿ ಅಲ್ವಾ?"

ಈ ಪ್ರಶ್ನೆಗೆ ಬೆಂಗಳೂರಿನವರು ಉತ್ತರ ತಿಳಿದಿರಲೇಬೇಕು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಅಂದರೆ 3000 ಅಡಿ. ಇಲ್ಲಿ ಗಾಳಿಯ ಒತ್ತಡ ಮುಂಬಯಿ, ಮಂಗಳೂರಿಗಿಂತ ಶೇ. 10ರಷ್ಟು ಕಡಿಮೆ. ಸಿಲಿಂಡರ್ ಒಳಗೆ ಎಳೆದುಕೊಳ್ಳುವ ಗಾಳಿಯೇ ಕಡಿಮೆ ಆದ್ದರಿಂದ ಕಂಪ್ರೆಶನ್ ಅಂಕಿಯೂ ಅಷ್ಟೇ ಕಡಿಮೆ ಬರುತ್ತೆ. ವ್ಯಾಕ್ಯೂಮ್ ಗೇಜ್ ಹಾಕುವವರು ಇದನ್ನು ಇನ್ನೂ ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಸಾವಿರ ಅಡಿ ಏರಿದರೆ ಒಂದು ಇಂಚು ಕಡಿಮೆ ಅನ್ನುವುದು ಲೆಕ್ಕ. ಪುಸ್ತಕ 18 ಅಂದರೆ ಇಲ್ಲಿ 15 ಬಂದರೂ ಇಂಜಿನ್ ಆರೋಗ್ಯವಾಗಿದೆ. ಸಮುದ್ರಮಟ್ಟದ ಅಂಕಿಯನ್ನೇ ನಂಬಿಕೊಂಡು ಒಳ್ಳೇ ಇಂಜಿನ್ನನ್ನು ಮತ್ತೆ ಇಳಿಸಬಾರದು. ನಾಲ್ಕು ಸಿಲಿಂಡರ್‌ಗಳ ಅಂಕಿ ಒಂದಕ್ಕೊಂದು ಹತ್ತಿರ ಇದೆಯಾ ಅನ್ನುವುದೇ ಮುಖ್ಯ. ಹೆಚ್ಚಿನದಕ್ಕೂ ಕಡಿಮೆಯದಕ್ಕೂ ಶೇ. 10-15ರ ಮೇಲೆ ವ್ಯತ್ಯಾಸ ಬಂದರೆ ಕಾರಣ ಹುಡುಕಬೇಕು.

ಟ್ಯಾಪೆಟ್ ಕವರ್ ಬಿಚ್ಚಿದೆವು. ಇಂಜಿನ್ ಆರಲಿ ಅಂತ ಕಾಫಿ ಕುಡಿದು, ಆಮೇಲೆ ಫೀಲರ್ ಗೇಜ್ ತೂರಿಸಿದರೆ ಎರಡನೇ ಸಿಲಿಂಡರಿನ ಒಂದು ವಾಲ್ವಿನಲ್ಲಿ ಅತಿ ತೆಳುವಾದ ತಗಡೂ ಹೋಗಲಿಲ್ಲ. ರಾಕರ್ ಆರ್ಮು ವಾಲ್ವಿನ ತಲೆ ಮೇಲೆ ಬಿಗಿಯಾಗಿ ಕೂತಿತ್ತು. ಕುಕ್ಕರ್ ಮುಚ್ಚಳ ಒಂದು ಕೂದಲೆಳೆಯಷ್ಟು ಎದ್ದಿದ್ದರೂ ವಿಸಿಲ್ ಬರುವುದಿಲ್ಲವಲ್ಲ, ಇಲ್ಲೂ ಅದೇ ಕತೆ. ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರಿಹೋಗುತ್ತಿತ್ತು. ರೇಸ್ ಕೊಟ್ಟಾಗ ಸೋರುವುದಕ್ಕೆ ಸಮಯ ಸಾಲದೆ ಹೇಗೋ ಸುಡುತ್ತಿತ್ತು, ಸ್ಲೋದಲ್ಲಿ ಸಾಯುತ್ತಿತ್ತು. ಹೀಗೇ ಓಡಿಸಿದ್ದರೆ ಬಿಸಿ ಗ್ಯಾಸು ನುಗ್ಗಿ ನುಗ್ಗಿ ಹೊಸ ವಾಲ್ವೇ ಸುಟ್ಟುಹೋಗುತ್ತಿತ್ತು.

ಹೊಸ ಇಂಜಿನ್ನಲ್ಲಿ ಟ್ಯಾಪೆಟ್ ಬಿಗಿಯಾಗುವುದು ಹೇಗೆ? ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ. ಹೆಡ್ ಕೂರಿಸಿ ನಟ್ ಬಿಗಿದ ಮೇಲೆ ಇಂಜಿನ್ ಬಿಸಿಯಾಗಿ ಆರಿದಾಗ ಹೊಸ ಗ್ಯಾಸ್ಕೆಟ್ ಇನ್ನಷ್ಟು ಅಮುಕುತ್ತೆ. ಅದಕ್ಕೇ ಸ್ವಲ್ಪ ಓಡಿಸಿದ ಮೇಲೆ ಹೆಡ್ ನಟ್‌ಗಳನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಇನ್ನೊಮ್ಮೆ ಬಿಗಿಯುವ ಪದ್ಧತಿ ಇದೆ. ಬಿಗಿದಾಗ ಹೆಡ್ ಒಂದಿಷ್ಟು ಕೆಳಗಿಳಿಯುತ್ತೆ. ಕೆಳಗಿನ ಕ್ಯಾಮಿನಿಂದ ಬರುವ ಪುಶ್ ರಾಡ್ ಮಾತ್ರ ಇದ್ದಷ್ಟೇ ಉದ್ದ ಇರುತ್ತೆ. ಹಾಗಾಗಿ ಮೊದಲು ಬಿಟ್ಟಿದ್ದ ಸಂದು ಕಡಿಮೆಯಾಗುತ್ತೆ. ಹೊಸದಾಗಿ ಅರೆದ ವಾಲ್ವ್ ಸೀಟಿನಲ್ಲಿ ಕೂತು ಹೊಂದಿಕೊಂಡಾಗಲೂ ಅಷ್ಟೇ. ಗ್ಯಾರೇಜಿನಲ್ಲಿ ಹೆಡ್ ಮತ್ತೆ ಬಿಗಿದಿದ್ದರು, ಟ್ಯಾಪೆಟ್ ಮತ್ತೆ ನೋಡಿರಲಿಲ್ಲ. ನೋಡುವುದು ಏನೂ ಕಷ್ಟವಲ್ಲ. ಫೈರಿಂಗ್ ಆರ್ಡರ್ 1-3-4-2 ಇರುವ ಇಂಜಿನ್ನಲ್ಲಿ ಒಂದು ಮತ್ತು ನಾಲ್ಕು ಜೋಡಿ, ಎರಡು ಮತ್ತು ಮೂರು ಜೋಡಿ. ಮೂರನೇ ಸಿಲಿಂಡರಿನ ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ತೂಗುವ ಕ್ಷಣದಲ್ಲಿ ಇಂಜಿನ್ ನಿಲ್ಲಿಸಿ, ಎರಡನೇ ಸಿಲಿಂಡರಿನ ಎರಡೂ ಟ್ಯಾಪೆಟ್ ಇಟ್ಟರಾಯಿತು. ಹೀಗೆ ಜೋಡಿ ಜೋಡಿಯಾಗಿ ಎಂಟೂ ಮುಗಿಯುತ್ತೆ.

ಅಷ್ಟರಲ್ಲಿ ಎಚ್‌ಎಎಲ್ ವಿಮಾನ ಕಾರ್ಖಾನೆಯ ಕಡೆಯಿಂದ ಹೆಲಿಕಾಪ್ಟರ್ ಒಂದು ತಲೆ ಮೇಲೆ ಹಾದುಹೋಯಿತು. ಮಾತು ನಿಲ್ಲಿಸಿ ಶಬ್ದ ದಾಟಲಿ ಅಂತ ಕಾಯುವುದು ನಮ್ಮ ಏರಿಯಾದವರಿಗೆ ರೂಢಿ.

"ಆ ಕಾರ್ಖಾನೆ ಶುರುಮಾಡಿದವರೇ ನಿನ್ನ ಗಾಡಿ ಕಂಪನಿಯನ್ನೂ ಶುರುಮಾಡಿದ್ದು, ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಶುರುಮಾಡಿದರು. ಅದಕ್ಕೂ ಮುಂಚೆ, 30ರ ದಶಕದಲ್ಲಿ, ಭಾರತದಲ್ಲೇ ಕಾರು ತಯಾರಾಗಬೇಕು ಅಂತ ಯುರೋಪು ಅಮೆರಿಕ ಸುತ್ತಿ ಯೋಜನೆ ಬರೆದವರು ನಮ್ಮ ವಿಶ್ವೇಶ್ವರಯ್ಯನವರು. ವಾಲ್‌ಚಂದರೂ ಆ ಕೆಲಸಕ್ಕೆ ಕೈಜೋಡಿಸಿದ್ದರು, ಮೈಸೂರು ಸಂಸ್ಥಾನ ನೆರವಿಗೆ ಮುಂದಾಗಿತ್ತು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗಲಿಲ್ಲ. ಸಿಕ್ಕಿದ್ದರೆ ಮೊದಲ ಭಾರತೀಯ ಕಾರು ಮೈಸೂರು ಸೀಮೆಯಲ್ಲೇ ತಯಾರಾಗುವ ಸಾಧ್ಯತೆ ಇತ್ತು ಅಂತ ನೆನೆದರೆ ಇವತ್ತಿಗೂ ಮನಸ್ಸು ಚುರ್ ಅನ್ನುತ್ತೆ. ವಿಮಾನದ ಕಾರ್ಖಾನೆಯ ಪಕ್ಕ ಬಾಳಿದವರು ಅಲ್ಲಿಂದ ಒಂದು ಪಾಠ ಕಲಿಯಬಹುದು. ಓವರ್‌ಹಾಲ್ ಆದ ವಿಮಾನದ ಇಂಜಿನ್ನು ಟೆಸ್ಟ್ ಬೆಡ್ ಮೇಲೆ ಓಡಿ, ಅಂಕಿಗಳನ್ನು ಬರೆಸಿಕೊಂಡು, ಆಮೇಲೆ ವಿಮಾನಕ್ಕೆ ಏರುತ್ತೆ. ನಮ್ಮ ಮೋಟಾರಿಗೂ ಅದೇ ಮರ್ಯಾದೆ ಸಲ್ಲಬೇಕು.

ಟ್ಯಾಪೆಟ್ ಇಟ್ಟ ಮೇಲೆ ಎರಡನೇ ಸಿಲಿಂಡರಿನ ಅಂಕಿ ಉಳಿದವುಗಳ ಸಮಕ್ಕೆ ಬಂತು. ಸರದಿಯ ಪ್ರಕಾರ ಕರೆಂಟಿನ ಕಡೆ ಹೋದೆವು. ಕೂಡಿಸುವಾಗ ಆಗುವ ದೊಡ್ಡ ಎಡವಟ್ಟು ಅಂದರೆ ಡಿಸ್ಟ್ರಿಬ್ಯೂಟರನ್ನು ಅರ್ಧ ಸುತ್ತು ತಪ್ಪಿಸಿ ಕೂರಿಸುವುದು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಡಿಸ್ಟ್ರಿಬ್ಯೂಟರ್ ಒಂದು ಸುತ್ತು. ಹಾಗಾಗಿ ಪುಲ್ಲಿ ಗುರುತು ಸರಿ ಬಂದ ಮಾತ್ರಕ್ಕೆ ಒಂದನೇ ಸಿಲಿಂಡರ್ ಫೈರ್ ಆಗುವ ಹೊತ್ತು ಅಂತ ಹೇಳಲಾಗದು. ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಇಂಜಿನ್ ತಿರುಗಿಸಿದಾಗ ಗಾಳಿ ಬೆರಳನ್ನು ತಳ್ಳಬೇಕು. ತಳ್ಳುತ್ತಾ ಗುರುತು ಸರಿಹೊಂದಿದರೆ ಅದು ಕಂಪ್ರೆಶನ್ ಸ್ಟ್ರೋಕು. ಮೂರು ಮತ್ತು ನಾಲ್ಕರ ವೈರ್ ಅದಲುಬದಲಾಗುವುದೂ ಉಂಟು. ಆಗ ಎರಡೇ ಸಿಲಿಂಡರಿನಲ್ಲಿ ಗಾಡಿ ಕುಂಟುತ್ತಾ ಕಾರ್ಬುರೇಟರಿನಿಂದಲೂ ಸೈಲೆನ್ಸರಿನಿಂದಲೂ ಢಂ ಅನ್ನುತ್ತೆ. ಇವನ ಗಾಡಿಯಲ್ಲಿ ಎರಡೂ ಸರಿ ಇತ್ತು.

ಪಾಯಿಂಟ್ ಗ್ಯಾಪ್ ಇಟ್ಟ ಮೇಲೇ ಟೈಮಿಂಗ್ ಇಡಬೇಕು, ಯಾಕೆಂದರೆ ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತೆ. ಹೊಸ ಇಂಜಿನ್ನಿಗೆ ಎಲ್ಲವೂ ಹೊಸದಿರಲಿ ಅಂತ ಚೆನ್ನಾಗಿ ಕೆಲಸ ಮಾಡುತ್ತಿದ್ದ ಹಳೇ ಕಂಡೆನ್ಸರ್ ಎಸೆಯಬಾರದು. ಈಗ ಸಿಗುವ ಹೊಸದರಲ್ಲಿ ನಕಲಿ ಮಾಲು ಬಹಳ. ಕಂಡೆನ್ಸರ್ ಸೋತರೆ ಪಾಯಿಂಟ್ ಸುಟ್ಟು ಕಪ್ಪಾಗುತ್ತೆ, ಇಂಜಿನ್ ಬಿಸಿಯಾದಂತೆ ಮಿಸ್ಸಿಂಗ್ ಹೆಚ್ಚುತ್ತೆ. ಜೆ.ಸಿ. ರಸ್ತೆಯಲ್ಲಿ ಸಿಗದ ಸಾಮಾನು ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತೆ. ಅಲ್ಲಿ ಹಳೇ ಲ್ಯೂಕಾಸ್ ಮಾಲನ್ನು ಕೈಯಲ್ಲಿ ತೂಗಿಯೇ ಗುರುತಿಸುವ ಹಿರಿಯರಿದ್ದಾರೆ. ಅವರ ಮಾತಿಗೆ ಬೆಲೆ ಕೊಡಬೇಕು. ರಾತ್ರಿ ದೀಪ ಆರಿಸಿ ಬಾನೆಟ್ ಎತ್ತಿ ನೋಡುವುದೂ ಒಳ್ಳೇ ಪರೀಕ್ಷೆ. ವೈರು ಅಥವಾ ಕ್ಯಾಪ್ ಬಿರುಕು ಬಿಟ್ಟಿದ್ದರೆ ನೀಲಿ ಕಿಡಿ ಹರಿದಾಡುವುದು ಕಾಣುತ್ತೆ.

ಇಷ್ಟಾದರೂ ಸ್ಲೋ ಪೂರ್ತಿ ನೆಟ್ಟಗಾಗಲಿಲ್ಲ. ನಾಲ್ಕೂ ಸಿಲಿಂಡರ್ ಕೆಲಸ ಮಾಡುತ್ತಿವೆ, ಆದರೂ ಇಂಜಿನ್ ಏರಿ ಇಳಿದು ಉಯ್ಯಾಲೆಯಾಡುತ್ತಿದೆ. ಏರ್ ಕ್ಲೀನರ್ ತೆಗೆಸಿ, ಕಾರ್ಬುರೇಟರ್ ಬಾಯಿಯನ್ನು ಅಂಗೈಯಿಂದ ಅರ್ಧದಷ್ಟು ಮರೆಮಾಡಿದೆ. ಗಾಳಿ ಕಡಿಮೆಯಾದ ಕೂಡಲೇ ಇಂಜಿನ್ ಒಂದೇ ಸಮನಾಗಿ ತಿರುಗತೊಡಗಿತು. ಅಂದರೆ ಇಂಜಿನ್ನಿಗೆ ಗಾಳಿ ಜಾಸ್ತಿ ಆಗಿದೆ, ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಪೆಟ್ರೋಲ್ ಜಾಸ್ತಿ ಆಗಿದ್ದಿದ್ದರೆ ಬಾಯಿ ಮುಚ್ಚಿದಾಗ ಆಫ್ ಆಗುತ್ತಿತ್ತು. ಕಳ್ಳಗಾಳಿ ಸ್ಲೋದಲ್ಲೇ ಹೆಚ್ಚು ತೊಂದರೆ ಕೊಡುವುದು. ಆಗ ಒಳಹೋಗುವ ಒಟ್ಟು ಗಾಳಿಯೇ ಕಡಿಮೆ, ಅದರಲ್ಲಿ ಇದರ ಪಾಲು ದೊಡ್ಡದಾಗುತ್ತೆ. ಈ ಪರೀಕ್ಷೆ ಮಾಡುವವರು ಮುಖವನ್ನು ಕಾರ್ಬುರೇಟರ್ ಮೇಲೆ ಬಗ್ಗಿಸಬಾರದು, ಬ್ಯಾಕ್‌ಫೈರ್ ಆದರೆ ಬೆಂಕಿ ಬರುತ್ತೆ. ಏರ್ ಎಳೆಯುವ ಜಾಗ ಹುಡುಕಲು ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸುರಿಯುವ ಅಭ್ಯಾಸವನ್ನಂತೂ ಬಿಟ್ಟುಬಿಡಬೇಕು.

ಕಾರ್ಬುರೇಟರ್ ಬಿಚ್ಚಿ ಬುಡವನ್ನು ಗಾಜಿನ ಹಲಗೆ ಮೇಲೆ ಇಟ್ಟು ನೋಡಿದರೆ ನಟ್ ಕೂರುವ ಎರಡು ಕಿವಿಗಳೂ ಬಾಗಿ, ಮಧ್ಯೆ ಬೆಳಕು ತೂರುತ್ತಿತ್ತು. ಅತಿಯಾಗಿ ಬಿಗಿದರೆ ಹೀಗಾಗುತ್ತೆ. ಗಾಜಿನ ಮೇಲೆ ಎಮೆರಿ ಕಾಗದ ಇಟ್ಟು ನಿಧಾನವಾಗಿ ಉಜ್ಜಿ ಸಮ ಮಾಡಿ, ಹೊಸ ಪ್ಯಾಕಿಂಗ್ ಹಾಕಿ ಕೂರಿಸಿದೆವು. ಇಂಜಿನ್ ಸ್ಲೋದಲ್ಲಿ ನಿಂತಿತು. ಆಮೇಲೆ ಸ್ಕ್ರೂ ಮುಟ್ಟಿದ್ದು ಬಹಳ ಸ್ವಲ್ಪ. ಕಟ್ಟಿದ ಇಂಜಿನ್ನಲ್ಲಿ ದೋಷ ಒಂದೇ ಇರುತ್ತೆ ಅಂತ ನಂಬಬಾರದು. ಒಂದನ್ನು ಸರಿಮಾಡಿ, ಫಲಿತಾಂಶ ನೋಡಿ, ಬರೆದುಕೊಂಡು, ಆಮೇಲೆ ಇನ್ನೊಂದಕ್ಕೆ ಕೈ ಹಾಕಬೇಕು.

ಈಗಿನ ಪೆಟ್ರೋಲಿನ ಬಗ್ಗೆಯೂ ಮಾತು ಬಂತು. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲಿಗೆ ಸುಡಲು ಬೇಕಾದ ಗಾಳಿ ಕಡಿಮೆ. ಹಳೇ ಜೆಟ್ಟಿನಲ್ಲಿ ಈ ಪೆಟ್ರೋಲ್ ಹರಿದರೆ ಮಿಶ್ರಣ ಶೇ. 7-8ರಷ್ಟು ತೆಳುವಾಗುತ್ತೆ. ಬೆಂಗಳೂರಿನ ಎತ್ತರ ಅದೇ ಮಿಶ್ರಣವನ್ನು ಶೇ. 5ರಷ್ಟು ಗಟ್ಟಿ ಮಾಡುತ್ತೆ. ಒಂದಕ್ಕೊಂದು ಬಹುಪಾಲು ಸರಿದೂಗುವುದರಿಂದ ನಮ್ಮೂರಿನಲ್ಲಿ ಜೆಟ್ ಬದಲಾಯಿಸುವ ಅವಸರ ಬೇಡ. ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ ಮಾತ್ರ ಎಥನಾಲ್ ತಡೆಯುವ ಮಾಲೇ ಆಗಿರಬೇಕು. ವರ್ಷಗಟ್ಟಲೆ ನಿಂತ ಟ್ಯಾಂಕಿನ ಅಂಟನ್ನೂ ಕೊಳೆಯನ್ನೂ ಎಥನಾಲ್ ಕರಗಿಸಿ ತಂದು ಜೆಟ್ಟಿಗೆ ತುಂಬುತ್ತೆ. ಟ್ಯಾಂಕ್ ತೊಳೆಸದೆ, ಫಿಲ್ಟರ್ ಹಾಕದೆ ಇಂಜಿನ್ ಕಟ್ಟಿಸಿ ಪ್ರಯೋಜನವಿಲ್ಲ.

ಎಮಿಷನ್ ಟೆಸ್ಟನ್ನೂ ಬರೀ ಸರ್ಟಿಫಿಕೇಟಿಗೆ ಅಂತ ತಿಳಿಯಬಾರದು. ಇಷ್ಟು ಹಳೇ ಪೆಟ್ರೋಲ್ ಕಾರಿಗೆ ಮಿತಿ ಕಾರ್ಬನ್ ಮೊನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ 1500 ಪಿಪಿಎಂ. ಮೊದಲನೇದು ಜಾಸ್ತಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಮೊದಲನೇದು ಕಡಿಮೆ ಇದ್ದು ಎರಡನೇದು ಏರಿದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸುಡದೆ ಹೊರಬರುತ್ತಿದೆ. ಆ ಚೀಟಿಯಲ್ಲಿ ಇಂಜಿನ್ನಿನ ಒಳಗಿನ ಸುದ್ದಿ ಇರುತ್ತೆ, ಓದಿ ಎತ್ತಿಡಬೇಕು.

ಮೊದಲ ಐನೂರು ಕಿಲೋಮೀಟರ್ ಹೇಗೆ ಓಡಿಸಬೇಕು ಅಂತಲೂ ಹುಡುಗ ಕೇಳಿದ. ಮನೆ ಮುಂದೆ ನಿಲ್ಲಿಸಿ ಗಂಟೆಗಟ್ಟಲೆ ಸ್ಲೋದಲ್ಲಿ ಬಿಡಬಾರದು, ರಿಂಗು ಬೋರಿಗೆ ಹೊಂದಿಕೊಳ್ಳುವುದಿಲ್ಲ. ತೀರಾ ಎಳೆಸಲೂಬಾರದು. ಬೆಳಗಿನ ಖಾಲಿ ಹೊತ್ತಿನಲ್ಲಿ ಹಳೇ ಮದ್ರಾಸ್ ರಸ್ತೆ ಹಿಡಿದು, ವೇಗ ಏರಿಸಿ ಇಳಿಸಿ ಓಡಿಸಬೇಕು. ಆರಂಭದಲ್ಲಿ ಸ್ವಲ್ಪ ನೀಲಿ ಹೊಗೆ ಕಂಡರೆ ಹೆದರಬೇಕಾಗಿಲ್ಲ. ಐನೂರಕ್ಕೆ ಆಯಿಲ್ ಬದಲಾಯಿಸಿ, ಹೆಡ್ ನಟ್ ನೋಡಿ, ಟ್ಯಾಪೆಟ್ ಮತ್ತೆ ಇಟ್ಟು, ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಬಿಸ್ಕತ್ತಿನ ಬಣ್ಣ ಇದ್ದರೆ ಎಲ್ಲ ಕ್ಷೇಮ.

ಇಷ್ಟೊಂದು ಪರೀಕ್ಷೆ ಬೇಕಾ ಅನ್ನುವವರಿಗೆ ಒಂದು ಮಾತು. ನಮ್ಮ ಬಡಾವಣೆಯ ಪಕ್ಕದಲ್ಲಿ ಹಾದುಹೋಗುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಸಾವಿರಾರು ಜನ ಓಡಾಡುತ್ತಾರೆ. 1961ರ ಜೂನ್ 17ರಂದು ಎಚ್‌ಎಫ್-24 ಮಾರುತ್ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದ ಪೈಲಟ್ ಈ ಸುರಂಜನ್ ದಾಸ್. 1970ರ ಜನವರಿಯಲ್ಲಿ ಮಾರುತ್‌ನ ಪರೀಕ್ಷಾ ಹಾರಾಟದಲ್ಲೇ ಪ್ರಾಣ ಬಿಟ್ಟರು. ಕಟ್ಟಿದ್ದನ್ನು ಪರೀಕ್ಷೆ ಮಾಡಿ ನೋಡುವ ಕೆಲಸಕ್ಕೇ ಜೀವ ಕೊಟ್ಟವರ ಹೆಸರಿನ ಪಕ್ಕದಲ್ಲಿ ನಾವು ಮನೆ ಮಾಡಿಕೊಂಡಿದ್ದೇವೆ.

ಇಂಜಿನ್ ಕಟ್ಟಿಸುವ ಎಲ್ಲರಲ್ಲೂ ನನ್ನ ವಿನಂತಿ ಇಷ್ಟು. ಗ್ಯಾರೇಜಿಗೆ ಬಾಕಿ ದುಡ್ಡು ಕೊಡುವ ಮುಂಚೆ ಬಿಲ್ಲಿನ ಹಿಂದೆ ನಾಲ್ಕು ವಿಷಯ ಬರೆಸಿಕೊಳ್ಳಿ: ಪ್ರತಿ ಸಿಲಿಂಡರಿನ ಕಂಪ್ರೆಶನ್, ಟ್ಯಾಪೆಟ್ ಗ್ಯಾಪ್, ಪಾಯಿಂಟ್ ಗ್ಯಾಪ್, ಟೈಮಿಂಗ್. ಬರೆದುಕೊಡುವ ಮೇಸ್ತ್ರಿ ಸಿಕ್ಕರೆ ಅವರನ್ನು ಬಿಡಬೇಡಿ, ಕೇಳಿದ್ದಕ್ಕಿಂತ ನೂರು ರೂಪಾಯಿ ಹೆಚ್ಚೇ ಕೊಡಿ. ಈ ನಾಲ್ಕೂ ಕೈಯಲ್ಲಿ ಬರುವವರೆಗೆ ಕಾರ್ಬುರೇಟರ್ ಸ್ಕ್ರೂ ಯಾರಿಗೂ ಮುಟ್ಟಲು ಕೊಡಬೇಡಿ.